ಡೆಸ್ಕ್‌ಟಾಪ್ ಜಾಸ್ತಿ ಸದ್ದು ಮಾಡುತ್ತಿದೆಯೇ? ಹೊಸ ಕೂಲರ್ ಕೊಳ್ಳುವ ಮೊದಲು ನೋಡಬೇಕಾದದ್ದು

ಮುಂಬೈಯಲ್ಲಿ ಕಂಪ್ಯೂಟರಿಗೆ ಅಂತ ಬೇರೆ ಕೋಣೆ ಇರುವ ಮನೆ ಕಡಿಮೆ. ಡೊಂಬಿವಲಿಯ ಒನ್ ರೂಮ್ ಕಿಚನ್ ಮನೆಯಲ್ಲಿ ಮಗ ರಾತ್ರಿ ಪಾಳಿ ಮಾಡುತ್ತಿರುತ್ತಾನೆ, ಅವನ ಕುರ್ಚಿಯ ಹಿಂದೆಯೇ ಅಪ್ಪ ಅಮ್ಮ ಮಲಗಿರುತ್ತಾರೆ. ಮುಲುಂಡಿನಲ್ಲೋ ಮೀರಾ ರೋಡಿನಲ್ಲೋ ಯಾರೋ ಯಕ್ಷಗಾನದ ವಿಡಿಯೊ ಎಡಿಟ್ ಮಾಡುತ್ತಾ ದನಿ ಕೊಡುತ್ತಾರೆ, ಮೈಕಿನಲ್ಲಿ ದನಿಗಿಂತ ಮೊದಲು ಫ್ಯಾನ್ ಕೇಳುತ್ತದೆ. ಇಂಥ ಮನೆಗಳಲ್ಲಿ ಕಂಪ್ಯೂಟರಿನ ಸದ್ದು ಇಡೀ ಮನೆಯ ನಿದ್ದೆಯ ಪ್ರಶ್ನೆ.

ಎಲ್ಲರೂ ಮೊದಲು ಕೇಳುವುದು, "ಯಾವ ಕೂಲರ್ ತಗೊಳ್ಳಲಿ?" ಅಂತ. ಕೂಲರ್ ಅಂದರೆ ಕಂಪ್ಯೂಟರಿನ ಪ್ರೊಸೆಸರನ್ನು ತಂಪಾಗಿಡುವ ಫ್ಯಾನ್ ಮತ್ತು ಲೋಹದ ಭಾಗ. ನಾನು ತಿರುಗಿ ಕೇಳುವುದು, "ಸದ್ದು ಯಾವಾಗ ಬರುತ್ತದೆ, ಹೇಗಿರುತ್ತದೆ?" ಸದ್ದಿಗೆ ಕಾರಣ ಕೂಲರೇ ಆಗಿರಬೇಕೆಂದಿಲ್ಲ. ಧೂಳು, ತಪ್ಪು ಸೆಟ್ಟಿಂಗ್, ಸಡಿಲವಾದ ಒಂದು ಪಿನ್, ಇಲ್ಲವೇ ಪವರ್ ಸಪ್ಲೈ ಕೂಡ ಇದೇ ಕಾಟ ಕೊಡುತ್ತವೆ. ಅವನ್ನು ಸರಿಮಾಡದೆ ದುಬಾರಿ ಕೂಲರ್ ಹಾಕಿದರೆ ದುಡ್ಡು ಹೋಗುತ್ತದೆ, ಸದ್ದು ಹೋಗುವುದಿಲ್ಲ. ಅದಕ್ಕೇ ಖರ್ಚಿಲ್ಲದ ಪರೀಕ್ಷೆಯಿಂದ ಶುರು ಮಾಡೋಣ.

ಕೈ ಹಾಕುವ ಮೊದಲು

ಕ್ಯಾಬಿನೆಟ್ ತೆರೆಯುವ ಮೊದಲು ಶಟ್‌ಡೌನ್ ಮಾಡಿ, ಗೋಡೆಯ ಸ್ವಿಚ್ ಆರಿಸಿ, ವೈರ್ ಕಿತ್ತಿಡಿ. ಆಮೇಲೆ ಪವರ್ ಬಟನ್ನನ್ನು ಕೆಲವು ಸೆಕೆಂಡ್ ಒತ್ತಿ ಹಿಡಿಯಿರಿ, ಒಳಗೆ ಉಳಿದ ಕರೆಂಟ್ ಖಾಲಿಯಾಗಲಿ. ಒಳಗಿನ ಭಾಗ ಮುಟ್ಟುವ ಮೊದಲು ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹವನ್ನು ಒಮ್ಮೆ ಮುಟ್ಟಿ.

ಪವರ್ ಸಪ್ಲೈ ಡಬ್ಬಿಯನ್ನು ಮಾತ್ರ ಯಾವ ಕಾರಣಕ್ಕೂ ಬಿಚ್ಚಬೇಡಿ. ವೈರ್ ಕಿತ್ತ ಮೇಲೂ ಅದರ ಕೆಪಾಸಿಟರುಗಳಲ್ಲಿ ಜೀವಕ್ಕೆ ಅಪಾಯವಾಗುವಷ್ಟು ವೋಲ್ಟೇಜ್ ಉಳಿದಿರಬಹುದು.

ಲಕ್ಷಣ: ಸದ್ದು ಇದೆ, ಎಲ್ಲಿಂದ ಬರುತ್ತಿದೆ ತಿಳಿಯುತ್ತಿಲ್ಲ

ಹಳೆಯ ಪೇಪರನ್ನು ಕೊಳವೆಯಾಗಿ ಸುತ್ತಿ. ಸೀಲಿಂಗ್ ಫ್ಯಾನ್ ಆರಿಸಿ. ಕಂಪ್ಯೂಟರ್ ಓಡುತ್ತಿರುವಾಗ ಕೊಳವೆಯ ಒಂದು ತುದಿ ಕಿವಿಗೆ, ಇನ್ನೊಂದು ತುದಿ ಕ್ಯಾಬಿನೆಟ್ಟಿನ ಹೊರಗಿನ ಒಂದೊಂದು ಜಾಗಕ್ಕೆ ಹಿಡಿಯಿರಿ. ಹಿಂದಿನ ಫ್ಯಾನ್, ಮುಂದಿನ ಫ್ಯಾನ್, ಪವರ್ ಸಪ್ಲೈ, ಗ್ರಾಫಿಕ್ಸ್ ಕಾರ್ಡ್, ಮೇಲ್ಭಾಗ. ಕಾಗದದ ಈ ಕೊಳವೆ ಎಷ್ಟು ಚೆನ್ನಾಗಿ ಹೇಳುತ್ತದೆ ಅಂದರೆ ಮೊದಲ ಬಾರಿ ಮಾಡಿದವರಿಗೆ ಆಶ್ಚರ್ಯ ಆಗುತ್ತದೆ.

ಸದ್ದಿನ ಗುಣವೂ ಸುಳಿವು ಕೊಡುತ್ತದೆ. ಗಾಳಿ ಬೀಸಿದಂಥ ಭರ್ರೆನ್ನುವ ಸದ್ದು ಫ್ಯಾನಿನದು. ಮೌಸ್ ಸ್ಕ್ರಾಲ್ ಮಾಡಿದಾಗ ಅಥವಾ ಗೇಮ್ ತೆರೆದಾಗ ಮಾತ್ರ ಬರುವ ಸಣ್ಣ ಕೀಚು ದನಿ ಗ್ರಾಫಿಕ್ಸ್ ಕಾರ್ಡ್ ಅಥವಾ ಪವರ್ ಸಪ್ಲೈಯ ಕಾಯಿಲ್‌ಗಳದು, ಅದಕ್ಕೆ ಕೂಲರ್ ಬದಲಿಸಿ ಪ್ರಯೋಜನವಿಲ್ಲ. ಕಟ್ ಕಟ್ ಅನ್ನುವ ಸದ್ದು ಹಾರ್ಡ್ ಡಿಸ್ಕಿನದಾದರೆ ಉಳಿದ ಕೆಲಸ ಬಿಟ್ಟು ಮೊದಲು ನಿಮ್ಮ ಫೈಲುಗಳನ್ನು ಬೇರೆ ಕಡೆ ನಕಲು ಮಾಡಿಕೊಳ್ಳಿ. ಡಿಸ್ಕ್ ಹಾಳಾಗುವ ಮುನ್ಸೂಚನೆ ಅದು.

ಲಕ್ಷಣ: ಸುಮ್ನೆ ಬ್ರೌಸರ್ ತೆರೆದರೂ ಫ್ಯಾನ್ ಒಮ್ಮೆ ಜೋರು, ಒಮ್ಮೆ ಮೆಲ್ಲಗೆ

ಇದು ಹೆಚ್ಚಾಗಿ ಸೆಟ್ಟಿಂಗಿನ ತೊಂದರೆ. ಈಗಿನ ಪ್ರೊಸೆಸರ್‌ಗಳು ಸಣ್ಣ ಕೆಲಸಕ್ಕೂ ಕ್ಷಣಮಾತ್ರ ಪೂರ್ತಿ ವೇಗಕ್ಕೆ ಜಿಗಿಯುತ್ತವೆ. ತಾಪಮಾನ ಒಂದು ಸೆಕೆಂಡಿನಲ್ಲಿ 45ರಿಂದ 65 ಡಿಗ್ರಿಗೆ ಹೋಗಿ ಮತ್ತೆ ಇಳಿಯುತ್ತದೆ. ಫ್ಯಾನ್ ಅದನ್ನೇ ಹಿಂಬಾಲಿಸುತ್ತದೆ. ಏಕರೂಪದ ಸದ್ದಿಗೆ ಕಿವಿ ಒಗ್ಗಿಕೊಳ್ಳುತ್ತದೆ. ಏರಿಳಿತಕ್ಕೆ ಒಗ್ಗುವುದಿಲ್ಲ, ಮಲಗಿದವರು ಅದಕ್ಕೇ ಎಚ್ಚರಗೊಳ್ಳುತ್ತಾರೆ.

ಕಂಪ್ಯೂಟರ್ ಆನ್ ಮಾಡುವಾಗ ಡಿಲೀಟ್ ಅಥವಾ ಎಫ್2 ಒತ್ತಿ ಬಯೋಸ್‌ಗೆ (ವಿಂಡೋಸ್ ಶುರುವಾಗುವ ಮೊದಲಿನ ಮದರ್‌ಬೋರ್ಡಿನ ಸೆಟ್ಟಿಂಗ್ ಪುಟ) ಹೋಗಿ. ಏಸುಸ್ ಬೋರ್ಡಿನಲ್ಲಿ ಕ್ಯೂ-ಫ್ಯಾನ್, ಗಿಗಾಬೈಟ್‌ನಲ್ಲಿ ಸ್ಮಾರ್ಟ್ ಫ್ಯಾನ್ ಅಂತ ಪುಟ ಇರುತ್ತದೆ. ಅಲ್ಲಿ ತಾಪಮಾನಕ್ಕೆ ತಕ್ಕ ವೇಗದ ಗೆರೆ ಕಾಣುತ್ತದೆ. 60 ಡಿಗ್ರಿವರೆಗೆ ಗೆರೆಯನ್ನು ಮಟ್ಟಸವಾಗಿ ಶೇ. 30–40ರಲ್ಲಿ ಇಡಿ. 60ರಿಂದ 80ರವರೆಗೆ ನಿಧಾನಕ್ಕೆ ಏರಲಿ. 85ರ ಮೇಲೆ ಪೂರ್ತಿ ವೇಗ ಇರಲೇಬೇಕು, ಅಲ್ಲಿ ಉಳಿತಾಯ ಬೇಡ. ಫ್ಯಾನ್ ಏರುವ ಮೊದಲು ಕೆಲವು ಸೆಕೆಂಡ್ ಕಾಯುವ ಸೆಟ್ಟಿಂಗ್ ಇದ್ದರೆ ಅದನ್ನು ಹೆಚ್ಚಿಸಿ.

ಫ್ಯಾನ್ ಸದಾ ಪೂರ್ತಿ ವೇಗದಲ್ಲೇ ಓಡುತ್ತಿದ್ದರೆ ಅದರ ಪ್ಲಗ್ ನೋಡಿ. ನಾಲ್ಕು ಪಿನ್ ಇದ್ದರೆ ಪಿಡಬ್ಲ್ಯುಎಂ (ಬೋರ್ಡಿನ ಸಿಗ್ನಲ್ ಮೂಲಕ ವೇಗ ಬದಲಿಸುವ ವಿಧಾನ), ಮೂರು ಪಿನ್ ಇದ್ದರೆ ಡಿಸಿ (ವೋಲ್ಟೇಜ್ ಮೂಲಕ ಬದಲಿಸುವುದು). ಮೂರು ಪಿನ್ ಫ್ಯಾನಿಗೆ ಬಯೋಸಿನಲ್ಲಿ ಪಿಡಬ್ಲ್ಯುಎಂ ಆಯ್ಕೆ ಮಾಡಿದ್ದರೆ ಅದು ವೇಗ ಇಳಿಸುವುದೇ ಇಲ್ಲ. ಡಿಸಿ ಅಂತ ಬದಲಿಸಿ.

ಲಕ್ಷಣ: ಮೊದಲು ಸದ್ದಿರಲಿಲ್ಲ, ತಿಂಗಳು ಕಳೆದಂತೆ ಜೋರಾಯಿತು

ಧೂಳು. ಮುಂಬೈಯಲ್ಲಿ ಯಾವ ಗಲ್ಲಿಗೆ ಹೋದರೂ ಒಂದು ಹಳೇ ಕಟ್ಟಡ ಒಡೆದು ಹೊಸದು ಕಟ್ಟುತ್ತಿರುತ್ತಾರೆ. ಕಿಟಕಿ ತೆರೆದರೆ ಆ ಸಿಮೆಂಟಿನ ಹುಡಿ ಒಳಗೆ ಬರುತ್ತದೆ. ಸಮುದ್ರದ ತೇವ ಅದಕ್ಕೆ ಸೇರಿದಾಗ ಹುಡಿ ಸುಲಭಕ್ಕೆ ಹಾರಿಹೋಗುವುದಿಲ್ಲ, ಅಂಟಿಕೊಳ್ಳುತ್ತದೆ.

ಕ್ಯಾಬಿನೆಟ್ ತೆರೆದು ಟಾರ್ಚ್ ಹಿಡಿದರೆ ಫ್ಯಾನಿನ ರೆಕ್ಕೆಗಳು ಮಾತ್ರ ಕಾಣುತ್ತವೆ, ಅವು ಸ್ವಲ್ಪ ಕೊಳೆಯಾಗಿರುತ್ತವೆ ಅಷ್ಟೆ. ಅದನ್ನು ನೋಡಿ ಮೋಸ ಹೋಗಬೇಡಿ. ನಿಜವಾದ ಧೂಳು ಫ್ಯಾನ್ ಮತ್ತು ಲೋಹದ ಫಿನ್‌ಗಳ (ಬಿಸಿ ಹೊರಹಾಕುವ ತೆಳು ತಗಡುಗಳು) ನಡುವೆ ಇರುತ್ತದೆ. ಪ್ರೊಸೆಸರಿನ ಜೊತೆ ಬಂದ ಗುಂಡಗಿನ ಕೂಲರಿನ ಫ್ಯಾನ್ ಎತ್ತಿ ನೋಡಿದರೆ ಕೂದಲು, ಹುಡಿ, ಬಟ್ಟೆಯ ಎಳೆ ಎಲ್ಲ ಸೇರಿ ಫಿನ್‌ಗಳ ಮೇಲೆ ಹಳೆಯ ಕಂಬಳಿಯ ತುಂಡಿನ ಹಾಗೆ ಒಂದು ಪದರ ಹಾಸಿರುತ್ತದೆ. ಎಷ್ಟೋ ಸಲ ಅದು ಬೆರಳಲ್ಲಿ ಹಿಡಿದು ಎಳೆದರೆ ಒಂದೇ ತುಂಡಾಗಿ ಬರುತ್ತದೆ. ಫ್ಯಾನ್ ಎಷ್ಟು ತಿರುಗಿದರೂ ಗಾಳಿ ಆ ಪದರ ದಾಟುವುದಿಲ್ಲ, ಬಿಸಿ ಏರುತ್ತದೆ, ಫ್ಯಾನ್ ಇನ್ನೂ ಜೋರಾಗುತ್ತದೆ.

ಬ್ಲೋವರ್‌ನಿಂದ ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದಿರಿ. ಬಿಟ್ಟರೆ ಅದು ಮಿತಿಮೀರಿದ ವೇಗದಲ್ಲಿ ತಿರುಗಿ ಬೇರಿಂಗ್ ಹಾಳಾಗಬಹುದು. ಮನೆಯ ವ್ಯಾಕ್ಯೂಮ್ ಕ್ಲೀನರಿನ ಮೂತಿಯನ್ನು ಬೋರ್ಡಿಗೆ ತಾಗಿಸಬೇಡಿ, ಸ್ಟ್ಯಾಟಿಕ್ ಕರೆಂಟಿನ ಭಯ. ಬಾಲ್ಕನಿಯಲ್ಲಿ ಊದಿ, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಮನೆಯಲ್ಲಿ ದಮ್ಮಿನ ತೊಂದರೆ ಇರುವವರಿದ್ದರೆ ಅವರನ್ನು ದೂರ ಇರಲು ಹೇಳಿ.

ಇನ್ನೊಂದು. ಕ್ಯಾಬಿನೆಟ್ ಎಲ್ಲಿಟ್ಟಿದ್ದೀರಿ ನೋಡಿ. ಕಂಪ್ಯೂಟರ್ ಟೇಬಲ್ಲಿನ ಮರದ ಗೂಡಿನಲ್ಲಿ ಇಟ್ಟು ಬಾಗಿಲು ಹಾಕಿದ್ದರೆ ಅದು ತನ್ನದೇ ಬಿಸಿ ಗಾಳಿಯನ್ನು ಮತ್ತೆ ಎಳೆದುಕೊಳ್ಳುತ್ತದೆ. ಹೊರಗೆ ತೆಗೆದಿಟ್ಟು ಒಂದು ದಿನ ಓಡಿಸಿ ನೋಡಿ. ಇದಕ್ಕೆ ಪೈಸೆ ಖರ್ಚಿಲ್ಲ.

ಲಕ್ಷಣ: ಗರಗರ, ಟಿಕ್ ಟಿಕ್, ಆನ್ ಮಾಡಿದಾಗ ಕಿರ್ ಅನ್ನುತ್ತದೆ

ಟಿಕ್ ಟಿಕ್ ಅಂದರೆ ಮೊದಲು ವೈರ್ ನೋಡಿ. ಸಡಿಲವಾಗಿ ನೇತಾಡುವ ಒಂದು ವೈರ್ ರೆಕ್ಕೆಗೆ ತಾಗುತ್ತಿದ್ದರೆ ಸಾಕು. ಪ್ಲಾಸ್ಟಿಕ್ ಟೈ ಹಾಕಿ ಕಟ್ಟಿದರೆ ಮುಗಿಯಿತು.

ಬೆಳಿಗ್ಗೆ ಆನ್ ಮಾಡಿದಾಗ ಗರಗರ, ಬಿಸಿಯಾದ ಮೇಲೆ ಕಡಿಮೆ ಎಂದಾದರೆ ಬೇರಿಂಗ್ ಸವೆದಿದೆ. ಅಗ್ಗದ ಫ್ಯಾನ್‌ಗಳಲ್ಲಿ ಸ್ಲೀವ್ ಬೇರಿಂಗ್ ಇರುತ್ತದೆ, ಅದರ ಎಣ್ಣೆ ಒಣಗುತ್ತದೆ. ನಮ್ಮ ಮನೆಗಳಲ್ಲಿ ಇದಕ್ಕೆ ತೆಂಗಿನೆಣ್ಣೆ ಹಾಕುವ ಅಭ್ಯಾಸವಿದೆ. ದಯವಿಟ್ಟು ಹಾಕಬೇಡಿ. ಅದು ಅಂಟಾಗಿ ಧೂಳು ಹಿಡಿಯುತ್ತದೆ. ಹೊಲಿಗೆ ಯಂತ್ರದ ಎಣ್ಣೆಯ ಒಂದು ಹನಿ ಸ್ವಲ್ಪ ಕಾಲ ತಳ್ಳಬಹುದು, ಆದರೆ ಆ ಫ್ಯಾನಿನ ಆಯಸ್ಸು ಮುಗಿಯುತ್ತಾ ಬಂದಿದೆ. ಕೂಲರ್ ಚೆನ್ನಾಗಿದ್ದು ಅದರ ಫ್ಯಾನ್ 120 ಮಿ.ಮೀ. ಆಗಿದ್ದರೆ ಫ್ಯಾನ್ ಒಂದನ್ನೇ ಬದಲಿಸಿ.

ನೀರಿನ ಕೂಲರ್ ಇರುವವರಿಗೆ ಗುಳುಗುಳು ಸದ್ದು ಕೇಳಿದರೆ ಪಂಪಿಗೆ ಗಾಳಿಗುಳ್ಳೆ ಸೇರಿದೆ ಅಂತ ಅರ್ಥ. ರೇಡಿಯೇಟರಿನ ಮೇಲ್ತುದಿ ಪಂಪಿಗಿಂತ ಎತ್ತರದಲ್ಲಿ ಇರಬೇಕು. ಕೆಳಗೆ ಕೂರಿಸಿದ್ದರೆ ಜಾಗ ಬದಲಿಸಿ. ಎಲ್ಲಾದರೂ ತೇವ ಕಂಡರೆ ಕೂಡಲೇ ಆರಿಸಿ, ಮತ್ತೆ ಆನ್ ಮಾಡಬೇಡಿ.

ಲಕ್ಷಣ: ಧೂಳು ತೆಗೆದರೂ ತಾಪಮಾನ 90 ದಾಟುತ್ತದೆ, ಫ್ಯಾನ್ ಇಳಿಯುವುದೇ ಇಲ್ಲ

ಈಗ ಅಳತೆ ಬೇಕು. ತಾಪಮಾನ ತೋರಿಸುವ ಎಚ್‌ಡಬ್ಲ್ಯುಇನ್ಫೋ ಅಥವಾ ಕೋರ್ ಟೆಂಪ್ ತಂತ್ರಾಂಶ ಹಾಕಿ, ಮನೆ ಬಳಕೆಗೆ ಎರಡೂ ಉಚಿತ. ಸುಮ್ನೆ ಇದ್ದಾಗ ಎಷ್ಟು, ಹತ್ತು ನಿಮಿಷ ವಿಡಿಯೊ ರೆಂಡರ್ ಮಾಡಿದಾಗ ಎಷ್ಟು, ಎರಡನ್ನೂ ಬರೆದಿಡಿ. ಕೋಣೆಯ ತಾಪಮಾನವನ್ನೂ ಪಕ್ಕದಲ್ಲಿ ಬರೆಯಿರಿ. ಯಾವ ಫ್ಯಾನ್ ಕೂಲರೂ ಕೋಣೆಯ ಗಾಳಿಗಿಂತ ತಣ್ಣಗೆ ಮಾಡಲಾರದು. 24 ಡಿಗ್ರಿಯ ಏಸಿ ಆಫೀಸಿನಲ್ಲಿ 75 ತೋರಿಸುವ ಯಂತ್ರ, ಮೇ ತಿಂಗಳ 33 ಡಿಗ್ರಿಯ ಮನೆಯಲ್ಲಿ 84ರ ಹತ್ತಿರ ತೋರಿಸುತ್ತದೆ. ಅದು ದೋಷ ಅಲ್ಲ, ಹವೆ.

ಸುಮ್ನೆ ಇದ್ದಾಗಲೇ 65–70, ಕೆಲಸ ಕೊಟ್ಟ ಕೂಡಲೇ 95–100 ಎಂದಾದರೆ ಕೂಲರ್ ಪ್ರೊಸೆಸರಿಗೆ ಸರಿಯಾಗಿ ಕೂತಿಲ್ಲ. ಇಂಟೆಲ್ ಪ್ರೊಸೆಸರ್ ಜೊತೆ ಬರುವ ಕೂಲರಿಗೆ ನಾಲ್ಕು ಪ್ಲಾಸ್ಟಿಕ್ ಪಿನ್ ಇರುತ್ತವೆ. ಅದರಲ್ಲಿ ಒಂದು ಮೇಲೆದ್ದಿದ್ದರೂ ಒಂದು ಬದಿ ಎತ್ತಿಕೊಂಡು ಇಡೀ ಲೆಕ್ಕ ತಪ್ಪುತ್ತದೆ. ವೈರ್ ಕಿತ್ತು, ಒಂದೊಂದು ಪಿನ್ನನ್ನೂ ಮೆಲ್ಲಗೆ ಅಲ್ಲಾಡಿಸಿ ನೋಡಿ. ಸಡಿಲವಿದ್ದರೆ ಮತ್ತೆ ಕೂರಿಸಬೇಕು. ಪಿನ್ನಿನ ತಲೆಯ ಮೇಲೆ ಬಾಣದ ಗುರುತಿದೆ. ಬಾಣದ ದಿಕ್ಕಿಗೆ ತಿರುಗಿಸಿದರೆ ಕಳಚುತ್ತದೆ. ಕೂರಿಸುವಾಗ ಎದುರುಬದುರು ಮೂಲೆಗಳನ್ನು ಒಟ್ಟಿಗೆ ಒತ್ತಿ, 'ಟಕ್' ಅನ್ನುವವರೆಗೆ.

ಒಮ್ಮೆ ಕೂಲರ್ ಎತ್ತಿದಿರಿ ಎಂದರೆ ಹಳೆಯ ಥರ್ಮಲ್ ಪೇಸ್ಟ್ (ಪ್ರೊಸೆಸರಿನ ಬಿಸಿಯನ್ನು ಕೂಲರಿಗೆ ದಾಟಿಸಲು ನಡುವೆ ಹಚ್ಚುವ ಲೇಪ) ಮತ್ತೆ ಕೆಲಸಕ್ಕೆ ಬರುವುದಿಲ್ಲ. ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿದ ಬಟ್ಟೆಯಿಂದ ಎರಡೂ ಬದಿ ಒರೆಸಿ, ನಡುವೆ ಬಟಾಣಿಗಿಂತ ಚಿಕ್ಕ ಚುಕ್ಕೆ ಪೇಸ್ಟ್ ಇಡಿ. ಹೆಚ್ಚು ಹಾಕಿದರೆ ಹೆಚ್ಚು ತಂಪಾಗುವುದಿಲ್ಲ. ಆಲ್ಕೊಹಾಲ್ ಬೇಗ ಬೆಂಕಿ ಹಿಡಿಯುತ್ತದೆ, ದೇವರ ದೀಪ ಮತ್ತು ಗ್ಯಾಸ್ ಒಲೆಯಿಂದ ದೂರ ಕೂತು ಮಾಡಿ.

ಎಎಂಡಿ ಕಂಪನಿಯ ಎಎಂ4 ಸಾಕೆಟ್ಟಿನ (ಸಾಕೆಟ್ ಅಂದರೆ ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗ) ಪ್ರೊಸೆಸರ್ ಇರುವವರು ಇಲ್ಲಿ ತುಂಬಾ ಜಾಗ್ರತೆ ವಹಿಸಬೇಕು. ಪೇಸ್ಟ್ ಒಣಗಿ ಗಟ್ಟಿಯಾಗಿದ್ದರೆ, ನೇರ ಎಳೆದ ಕೂಲರಿಗೆ ಅಂಟಿಕೊಂಡು ಪ್ರೊಸೆಸರೂ ಸಾಕೆಟ್ಟಿನಿಂದ ಕಿತ್ತು ಬರುತ್ತದೆ, ಪಿನ್ ಬಗ್ಗುತ್ತದೆ. ಮೊದಲು ಕಂಪ್ಯೂಟರನ್ನು ಸ್ವಲ್ಪ ಹೊತ್ತು ಓಡಿಸಿ ಬಿಸಿ ಮಾಡಿ, ಆರಿಸಿ, ವೈರ್ ಕಿತ್ತು, ಕೂಲರನ್ನು ಎಡಕ್ಕೆ ಬಲಕ್ಕೆ ಮೆಲ್ಲಗೆ ತಿರುಚಿ. ಸಡಿಲವಾದ ಮೇಲಷ್ಟೇ ಎತ್ತಿ.

ಲಕ್ಷಣ: ಎಲ್ಲ ಸರಿ ಇದೆ, ಆದರೆ ರೆಂಡರ್ ಅಥವಾ ಗೇಮ್ ಶುರುವಾದರೆ ವಿಮಾನ ಏರಿದಷ್ಟು ಸದ್ದು

ಈ ಹಂತಕ್ಕೆ ಬಂದವರಿಗೆ ಮಾತ್ರ ಹೊಸ ಕೂಲರ್ ಬೇಕು. ಖಾತ್ರಿ ಮಾಡಿಕೊಳ್ಳಲು ಇನ್ನೊಂದು ಉಚಿತ ಪರೀಕ್ಷೆ ಇದೆ. ವಿಂಡೋಸ್‌ನ ಪವರ್ ಆಯ್ಕೆಯಲ್ಲಿ ಪ್ರೊಸೆಸರಿನ ಗರಿಷ್ಠ ಮಿತಿಯನ್ನು ಶೇ. 99ಕ್ಕೆ ಇಡಿ. ಹೆಚ್ಚಿನ ಯಂತ್ರಗಳಲ್ಲಿ ಇದರಿಂದ ಟರ್ಬೊ, ಅಂದರೆ ಪ್ರೊಸೆಸರ್ ಮಾಮೂಲಿಗಿಂತ ಹೆಚ್ಚಿನ ವೇಗಕ್ಕೆ ಏರುವುದು, ನಿಲ್ಲುತ್ತದೆ. ಸದ್ದು ಥಟ್ಟನೆ ಇಳಿದರೆ ನಿಮ್ಮ ಕೂಲರ್ ಟರ್ಬೊದ ಬಿಸಿಯನ್ನು ತಾಳುತ್ತಿಲ್ಲ ಎಂದರ್ಥ. ಆ ಕಡಿಮೆ ವೇಗವೇ ನಿಮ್ಮ ಕೆಲಸಕ್ಕೆ ಸಾಕು ಅನ್ನಿಸಿದರೆ ಹಾಗೇ ಬಿಡಿ, ಕೊಳ್ಳುವ ಅಗತ್ಯವಿಲ್ಲ.

ಪ್ರೊಸೆಸರ್ ಡಬ್ಬಿಯ ಮೇಲಿನ 65 ವಾಟ್ ನಂಬಿ ಕೂಲರ್ ಆರಿಸಬೇಡಿ. ಇಂಟೆಲ್ ಕೋರ್ ಐ5-12400 ಮತ್ತು ಐ7-12700 ಎರಡಕ್ಕೂ ಮೂಲ ಪವರ್ 65 ವಾಟ್. ಆದರೆ ಟರ್ಬೊದಲ್ಲಿ ಮೊದಲನೆಯದು 117 ವಾಟ್‌ವರೆಗೆ, ಎರಡನೆಯದು 180 ವಾಟ್‌ವರೆಗೆ ಹೋಗುತ್ತದೆ. ಇಂಟೆಲ್ ತನ್ನ ಸೈಟಿನಲ್ಲಿ ಈ ಅಂಕಿಯನ್ನು ಕೊಡುತ್ತದೆ, ಅದನ್ನು ನೋಡಿ.

ಸದ್ದಿನ ಗುಟ್ಟು ಫ್ಯಾನಿನ ಗಾತ್ರ ಮತ್ತು ವೇಗದಲ್ಲಿದೆ. ಒಂದೇ ಫ್ಯಾನಿನ ವೇಗ ಅರ್ಧ ಮಾಡಿದರೆ ಸದ್ದು ಸುಮಾರು 15 ಡೆಸಿಬೆಲ್ ಇಳಿಯುತ್ತದೆ. 10 ಡೆಸಿಬೆಲ್ ಇಳಿದರೇ ಕಿವಿಗೆ ಅರ್ಧದಷ್ಟು ಅನ್ನಿಸುತ್ತದೆ. ಹಾಗಾಗಿ 92 ಮಿ.ಮೀ. ಫ್ಯಾನ್ 2500 ಸುತ್ತು ತಿರುಗುವುದಕ್ಕಿಂತ 120 ಮಿ.ಮೀ. ಫ್ಯಾನ್ 900 ಸುತ್ತಿನಲ್ಲಿ ನಿಧಾನಕ್ಕೆ ತಿರುಗುವುದು ಎಷ್ಟೋ ಮೇಲು. ಅದಕ್ಕೆ ತಕ್ಕ ದೊಡ್ಡ ಫಿನ್ ರಾಶಿ, ನಾಲ್ಕು ಅಥವಾ ಹೆಚ್ಚು ಹೀಟ್‌ಪೈಪ್ (ಬಿಸಿಯನ್ನು ತಳದಿಂದ ಫಿನ್‌ಗಳಿಗೆ ಒಯ್ಯುವ ಲೋಹದ ಕೊಳವೆ) ಇರಬೇಕು. ಡಬ್ಬಿಯ ಮೇಲೆ ಬರೆದ ಡೆಸಿಬೆಲ್ ಅಂಕಿಗಳನ್ನು ಒಂದು ಕಂಪನಿಯಿಂದ ಇನ್ನೊಂದಕ್ಕೆ ಹೋಲಿಸಬೇಡಿ. ಒಬ್ಬೊಬ್ಬರು ಒಂದೊಂದು ರೀತಿ ಅಳೆಯುತ್ತಾರೆ.

120 ವಾಟ್ ಆಸುಪಾಸಿನ ಪ್ರೊಸೆಸರಿಗೆ ಒಂದು ಟವರ್ (ಫಿನ್‌ಗಳ ಎತ್ತರದ ಗೋಪುರ), ಒಂದು 120 ಮಿ.ಮೀ. ಫ್ಯಾನ್ ಇರುವ ಕೂಲರ್ ಸಾಕು. ಡೀಪ್‌ಕೂಲ್ ಎಕೆ400 ಈ ಬಗೆಯದು, ಎತ್ತರ 155 ಮಿ.ಮೀ. 180 ವಾಟ್ ಕಡೆಗೆ ಹೋದರೆ ಎರಡು ಟವರಿನ ಥರ್ಮಲ್‌ರೈಟ್ ಪಿಯರ್‌ಲೆಸ್ ಅಸಾಸಿನ್ 120 ಎಸ್‌ಇ ನೋಡಿ, ಇದೂ 155 ಮಿ.ಮೀ. ನಾಕ್ಟುವಾ ಎನ್‌ಎಚ್-ಡಿ15 ತುಂಬಾ ಒಳ್ಳೆಯದು, ಬೆಲೆ ಜಾಸ್ತಿ, ಎತ್ತರ 165 ಮಿ.ಮೀ. ನನ್ನ ಕೇಳಿದರೆ ಹೆಚ್ಚಿನ ಮನೆಗಳಿಗೆ ಮೊದಲ ಎರಡು ಬಗೆಯೇ ಸಾಕು. ಬಣ್ಣದ ಲೈಟಿಗೆ ಕೊಡುವ ದುಡ್ಡನ್ನು ಒಳ್ಳೆಯ ಫ್ಯಾನಿಗೆ ಕೊಡಿ. ನೀರಿನ ಕೂಲರಿಗೆ ಪಂಪಿನ ಸದ್ದು ಬೇರೆ ಸೇರುತ್ತದೆ, ಮೌನವೇ ಬೇಕೆಂದರೆ ನಾನು ಗಾಳಿಯ ಕೂಲರನ್ನೇ ಹೇಳುತ್ತೇನೆ.

ಎತ್ತರ ಅಳೆಯದೆ ಅಂಗಡಿಗೆ ಹೋಗಬೇಡಿ. ಬದಿಯ ಬಾಗಿಲು ತೆಗೆದು ಮದರ್‌ಬೋರ್ಡಿನ ಮೇಲ್ಮೈಯಿಂದ ಬಾಗಿಲು ಬರುವ ಅಂಚಿನವರೆಗೆ ಸ್ಕೇಲಿನಲ್ಲಿ ಅಳೆಯಿರಿ. ಅದರಲ್ಲಿ 10 ಮಿ.ಮೀ. ಕಳೆಯಿರಿ, ಸಾಕೆಟ್ ಮತ್ತು ಪ್ರೊಸೆಸರಿನ ದಪ್ಪಕ್ಕೆ. ಉಳಿದದ್ದು ನಿಮ್ಮ ಮಿತಿ. ರ‍್ಯಾಮ್ ಎತ್ತರವಾಗಿದ್ದರೆ ಫ್ಯಾನಿಗೆ ತಾಗುತ್ತದೆಯೇ ಎಂದೂ ನೋಡಿ. ಸಣ್ಣ ಕ್ಯಾಬಿನೆಟ್ಟಿಗೆ 37 ಮಿ.ಮೀ. ಎತ್ತರದ ಕೂಲರೂ ಸಿಗುತ್ತದೆ, ಆದರೆ ಅದರಿಂದ ದೊಡ್ಡ ಟವರಿನ ಮೌನ ನಿರೀಕ್ಷಿಸಬೇಡಿ.

ಸಾಕೆಟ್ ಹೆಸರು ಬರೆದುಕೊಳ್ಳಿ. ಕೂಲರ್ ಕೂರಿಸುವ ರಂಧ್ರಗಳ ಅಂತರ ಇಂಟೆಲ್‌ನ ಎಲ್‌ಜಿಎ 1150, 1151, 1200 ಸಾಕೆಟ್‌ಗಳಲ್ಲಿ 75 ಮಿ.ಮೀ., ಎಲ್‌ಜಿಎ 1700ರಲ್ಲಿ 78 ಮಿ.ಮೀ. ಹಳೆಯ ಕೂಲರಿಗೆ ಹೊಸ ಬ್ರಾಕೆಟ್ ಬೇಕು. ಎಎಂಡಿ ಎಎಂ4 ಬೋರ್ಡಿನ ಹಿಂದಿನ ಲೋಹದ ಪಟ್ಟಿಯನ್ನು ಬಿಸಾಡಬೇಡಿ, ಎಷ್ಟೋ ಕೂಲರ್‌ಗಳು ಅದನ್ನೇ ಬಳಸುತ್ತವೆ.

ಕಂಪ್ಯೂಟರ್ ಅಂಗಡಿಗಳಿರುವ ಲ್ಯಾಮಿಂಗ್ಟನ್ ರೋಡಿಗೆ ಹೋಗುವವರು ದಾದರ್‌ನಲ್ಲಿ ಪಶ್ಚಿಮ ರೈಲ್ವೆಯ ಸ್ಲೋ ಹಿಡಿದು ಗ್ರಾಂಟ್ ರೋಡಿನಲ್ಲಿ ಇಳಿಯಿರಿ, ಫಾಸ್ಟ್ ಅಲ್ಲಿ ನಿಲ್ಲುವುದಿಲ್ಲ. "ಭಯ್ಯಾ, ಎಲ್‌ಜಿಎ 1700, ಕ್ಯಾಬಿನೆಟ್ 158 ತಕ್, ಆವಾಜ್ ಕಮ್ ಚಾಹಿಯೇ" ಅಂತ ಸಾಕೆಟ್, ಎತ್ತರದ ಮಿತಿ, ಕಡಿಮೆ ಸದ್ದು ಮೂರನ್ನೂ ಒಟ್ಟಿಗೆ ಹೇಳಿ. ಡಬ್ಬಿ ಅಲ್ಲೇ ತೆರೆಸಿ ನಿಮ್ಮ ಸಾಕೆಟ್ಟಿನ ಬ್ರಾಕೆಟ್ ಇದೆಯೇ ನೋಡಿ. ವಾರಂಟಿ ಬರೆದ ಬಿಲ್ಲು ತಗೊಳ್ಳಿ.

ಲಕ್ಷಣ: ಹೊಸ ಕೂಲರ್ ಹಾಕಿದೆ, ಆದರೂ ಬಿಸಿ ಅಥವಾ ಸದ್ದು

ಕೂಲರಿನ ತಳದಲ್ಲಿ ತೆಳು ಪ್ಲಾಸ್ಟಿಕ್ ಹಾಳೆ ಅಂಟಿಸಿ ಕಳಿಸಿರುತ್ತಾರೆ. ತೆಗೆದಿದ್ದೀರಾ? ಇದು ತುಂಬಾ ಸಾಮಾನ್ಯ. ಆಮೇಲೆ ಫ್ಯಾನಿನ ದಿಕ್ಕು. ಗಾಳಿ ಫಿನ್ ದಾಟಿ ಕ್ಯಾಬಿನೆಟ್ಟಿನ ಹಿಂಬದಿಗೆ ಹೋಗಬೇಕು. ಫ್ಯಾನಿನ ನಡುಭಾಗವನ್ನು ಚೌಕಟ್ಟಿಗೆ ಹಿಡಿದಿಡುವ ಕಡ್ಡಿಗಳಿರುವ ಬದಿಯಿಂದ ಗಾಳಿ ಹೊರಬರುತ್ತದೆ.

ಆನ್ ಮಾಡಿದಾಗ ಸಿಪಿಯು (ಪ್ರೊಸೆಸರ್) ಫ್ಯಾನ್ ಎರರ್ ಬಂದರೆ ಪ್ಲಗ್ ತಪ್ಪು ಜಾಗದಲ್ಲಿರಬಹುದು, ಸಿಪಿಯು ಫ್ಯಾನ್ ಅಂತ ಬರೆದ ಪಿನ್ನಿಗೇ ಹಾಕಿ. ಕ್ಯಾಬಿನೆಟ್ ಬಾಗಿಲು ತೆಗೆದಿಟ್ಟರೆ ತಾಪಮಾನ ಹತ್ತು ಡಿಗ್ರಿಯಷ್ಟು ಇಳಿಯುತ್ತದೆ ಎಂದಾದರೆ ಕೂಲರ್ ಸರಿಯಾಗಿದೆ. ಕ್ಯಾಬಿನೆಟ್ಟಿಗೆ ಗಾಳಿ ಸಾಲುತ್ತಿಲ್ಲ, ಮುಂದೆ ಒಂದು ಫ್ಯಾನ್ ಬೇಕು.

ಇಲ್ಲಿ ನಿಲ್ಲಿಸಿ, ತಿಳಿದವರಿಗೆ ಕೊಡಿ

ಸುಟ್ಟ ವಾಸನೆ, ಹೊಗೆ, ಪವರ್ ಸಪ್ಲೈಯಿಂದ ಚಟ್‌ಚಟ್ ಸದ್ದು ಬಂದರೆ ಗೋಡೆಯ ಸ್ವಿಚ್ ಆರಿಸಿ, ಮತ್ತೆ ಹಾಕಿ ನೋಡುವುದು ಬೇಡ. ಕ್ಯಾಬಿನೆಟ್ ಮುಟ್ಟಿದರೆ ಜುಮ್ ಅಂದರೆ ಮೊದಲು ಎಲೆಕ್ಟ್ರಿಷಿಯನ್‌ನನ್ನು ಕರೆಸಿ ಅರ್ಥಿಂಗ್ ನೋಡಿಸಿ. ಹಳೇ ಚಾಳುಗಳಲ್ಲಿ ಮೂರನೇ ಪಿನ್ನಿಗೆ ವೈರೇ ಇಲ್ಲದಿರಬಹುದು. ಸಾಕೆಟ್ಟಿನ ಪಿನ್ ಬಗ್ಗಿದ್ದು ಕಂಡರೆ ಸೂಜಿ ಹಿಡಿದು ನೀವೇ ನೇರ ಮಾಡಲು ಹೋಗಬೇಡಿ. ವಾರಂಟಿ ಇರುವ ಬ್ರಾಂಡೆಡ್ ಯಂತ್ರವಾದರೆ ಕೂಲರ್ ಬಿಚ್ಚುವ ಮೊದಲು ಕಂಪನಿಗೆ ಫೋನ್ ಮಾಡಿ ಕೇಳಿ.

ರಿಪೇರಿಗೆ ಕೊಂಡೊಯ್ಯುವಾಗ ಒಂದು ಎಚ್ಚರಿಕೆ. ಎರಡು ಟವರಿನ ಕೂಲರ್ ಒಂದು ಕಿಲೋ ಮೀರುವುದೂ ಉಂಟು. ಕ್ಯಾಬಿನೆಟ್ ನಿಂತಿದ್ದರೆ ಆ ಭಾರ ಪೂರ್ತಿ ಮದರ್‌ಬೋರ್ಡಿನಿಂದ ಅಡ್ಡಕ್ಕೆ ನೇತಾಡುತ್ತದೆ, ರಿಕ್ಷಾ ಗುಂಡಿಗೆ ಬಿದ್ದರೆ ಬೋರ್ಡ್ ಬಿರುಕು ಬಿಡಬಹುದು. ಮದರ್‌ಬೋರ್ಡ್ ಕೆಳಗೆ, ಕೂಲರ್ ಮೇಲ್ಮುಖವಾಗಿ ಇರುವಂತೆ ಕ್ಯಾಬಿನೆಟ್ಟನ್ನು ಮಲಗಿಸಿ ಒಯ್ಯಿರಿ. ಆ ಹೊತ್ತಿಗೆ ಲೋಕಲ್‌ನಲ್ಲಿ ನುಗ್ಗುಲು ಇದ್ದರೆ ಕೂಲರ್ ಬಿಚ್ಚಿ ಬೇರೆ ಚೀಲದಲ್ಲಿ ಹಾಕಿಕೊಳ್ಳಿ, ಜೊತೆಗೆ ಅದರ ಸ್ಕ್ರೂ, ಬ್ರಾಕೆಟ್ ಮತ್ತು ನೀವು ಬರೆದಿಟ್ಟ ತಾಪಮಾನದ ಚೀಟಿ.